ಮಾವನ ಹೆಸರಿಗೊಂದು ಇಮೇಲ್ ವಿಳಾಸ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಚಿಕ್ಕಿ ಮೊದಲ ಸಲ ನನ್ನ ಕಂಪ್ಯೂಟರಿನ ಎದುರು ಕುಳಿತದ್ದು ಅಡಿಕೆ ಕೊಯ್ಲಿನ ದಿನಗಳಲ್ಲೋ ಅದು ಮುಗಿದ ಮೇಲೋ, ನನಗೆ ಖಾತ್ರಿಯಿಲ್ಲ. ದಿನಚರಿ ಬರೆಯುವ ಅಭ್ಯಾಸ ನನಗೆ ಆಗಲೂ ಇತ್ತು. ತೆಗೆದು ನೋಡಿದರೆ ಸೆಖೆ, ಕರೆಂಟು ಹೋದದ್ದು, ಮಾಡಲೇನೂ ಇಲ್ಲದೆ ಅರ್ಧ ದಿನ ಸುಮ್ಮನೆ ಕೂತದ್ದು, ಇಂಥವೇ ಸಿಗುತ್ತವೆ. ಬರೆದಿಡಬೇಕಾದದ್ದು ಯಾವುದು ಎಂದು ಆಯಾ ದಿನವೇ ಗೊತ್ತಾಗುವುದಿಲ್ಲವಲ್ಲ.

ಎರಡು ಸಾವಿರದ ಇಸವಿ ಕಳೆದ ಹೊಸತು. ನಮ್ಮ ಕಡೆ ಎಲ್ಲರ ಬಾಯಲ್ಲೂ ವೆನಿಲ್ಲಾ. ಹೇರೂರು, ಎಕ್ಕಂಬಿ, ಯಲ್ಲಾಪುರದ ಕಡೆಯ ಕೆಲವು ಬೆಳೆಗಾರರು ಸೇರಿ ಒಂದು ಗುಂಪು ಮಾಡಿಕೊಂಡರು. ಹೊರದೇಶದ ಖರೀದಿದಾರರು ಇಮೇಲ್ ಕೇಳುತ್ತಾರೆ ಎಂದು ಯಾರೋ ಹೇಳಿದ್ದರಿಂದ ಗುಂಪಿನ ಹೆಸರಿನಲ್ಲಿ ಒಂದು ಡೊಮೇನ್ ಕೊಂಡರು. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದು, ಶಿರಸಿ ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ಡೊಮೇನಿನ ಇಮೇಲ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂತು.

ನಾವು ಕೊಂಡಿದ್ದ ಅಗ್ಗದ ಪ್ಲಾನಿನಲ್ಲಿ ನಿಜವಾದ ಅಂಚೆಪೆಟ್ಟಿಗೆಗಳು ಕೆಲವೇ. ಆದರೆ ಫಾರ್ವರ್ಡ್ ವಿಳಾಸಗಳನ್ನು ಬೇಕಾದಷ್ಟು ಮಾಡಬಹುದಿತ್ತು. ಅದೆಂದರೇನು ಎಂದು ಬೆಳೆಗಾರರು ಕೇಳಿದಾಗ, ಪೇಟೆಯ ಅಂಗಡಿಗೆ ಬಂದ ನಿಮ್ಮ ಗಂಟನ್ನು ಅಂಗಡಿಯವರು ಬಸ್ಸಿಗೆ ಹಾಕಿ ಊರಿಗೆ ಮುಟ್ಟಿಸುವುದಿಲ್ಲವೇ, ಹಾಗೆ ಎಂದಿದ್ದೆ. ಗಂಟು ಅಂಗಡಿಯಲ್ಲಿ ಉಳಿಯುವುದಿಲ್ಲ, ದಾಟಿ ಹೋಗುತ್ತದೆ. ಇದು ಎಲ್ಲರಿಗೂ ಸಲೀಸಾಗಿ ಅರ್ಥವಾಯಿತು. ಅಣ್ಣನ ಜೊತೆ ಒಂದೇ ವಿಳಾಸ ಹಂಚಿಕೊಂಡಿದ್ದ ಯಲ್ಲಾಪುರದ ಒಬ್ಬರಿಗೆ ಎಷ್ಟು ಅರ್ಥವಾಯಿತೆಂದರೆ, "ಆ ಮೇಲು ಅಣ್ಣಂಗೂ ಬರ್ಲಿ ತಂಗಿ, ಬ್ಯಾಡ ಅಂತಿಲ್ಲೆ. ನಂಗೆ ಒಂದು ಗಳಿಗೆ ಮೊದ್ಲು ಬರೋ ಹಾಂಗೆ ಮಾಡು," ಎಂದರು.

ಚಿಕ್ಕಿ ಎಂದರೆ ನನ್ನ ಆಯಿಯ, ಅಂದರೆ ಅಮ್ಮನ, ತಂಗಿ. ಕೊಟ್ಟ ಮನೆ ಹೇರೂರು. ವೆನಿಲ್ಲಾ ಹೂವಿಗೆ ಬೆಳಗಿನ ಹೊತ್ತು ಕೈಯಿಂದಲೇ ಪರಾಗ ಮುಟ್ಟಿಸಬೇಕು; ಆ ಗುಂಪಿನಲ್ಲಿ ಅವಳಷ್ಟು ಚುರುಕಿನ ಕೈ ಇನ್ನೊಂದಿರಲಿಲ್ಲ. ಅವಳಿಗೊಂದು ವಿಳಾಸ ಮಾಡಿಕೊಟ್ಟಾಗ ಅವಳು ಎದ್ದು ಹೋಗಲಿಲ್ಲ.

"ಅಣ್ಣನ ಹೆಸರಿಗೂ ಒಂದು ಮಾಡು," ಎಂದಳು.

ಅವಳ ಅಣ್ಣ, ಅಂದರೆ ನನ್ನ ಸಣ್ಣ ಮಾವ, ಆಗ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಅವನು ಶಿರಸಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದ. ನನಗೆ ಕಲಿಸಿದವನೂ ಅವನೇ. ಮಿಷನ್ನಿನ ಮೇಲೆ ಬಗ್ಗಿದರೆ ಗದ್ದ ಹಿಡಿದು ಎತ್ತುತ್ತಿದ್ದ. "ಬೆರಳು ನೋಡಡ ಕೂಸೆ. ಬೆರಳಿಗೆ ಅದರ ದಾರಿ ಗೊತ್ತಿದ್ದು. ನೀನು ಕಿಟಕಿ ನೋಡು." ನಾನು ಈಗಲೂ ಕಿಟಕಿ ನೋಡುತ್ತಲೇ ಟೈಪ್ ಮಾಡುತ್ತೇನೆ. ಅವನ ಮುಖ ನೆನಪಿಗೆ ತರಲು ಹೋದರೆ ಫೋಟೋದಲ್ಲಿರುವ ಮುಖ ಅಡ್ಡ ಬರುತ್ತದೆ. ಗದ್ದಕ್ಕೆ ತಾಗುತ್ತಿದ್ದ ಬೆರಳು ಮಾತ್ರ ನನ್ನದೇ ನೆನಪು ಎಂದುಕೊಂಡಿದ್ದೇನೆ.

ಅವನು ಹೋದದ್ದು ಒಂದು ಕರೆಯ ವಿಷಯಕ್ಕೆ. ನಮ್ಮಲ್ಲಿ ಕರೆ ಎಂದರೆ ಮನೆಗೆ ಹೋಗಿ, ಅಕ್ಷತೆ ಕೊಟ್ಟು, ಬಾಯಿಬಿಟ್ಟು "ಬರಬೇಕು" ಎನ್ನುವುದು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಹೊಸ್ತಿಲ ಮೇಲೆ ಅಕ್ಷತೆ ಇಟ್ಟು, ಕರೆಯ ಕಾಗದ ಬಾಗಿಲ ಸಂದಿಗೆ ಸಿಕ್ಕಿಸಿ ಬಂದರೂ ಕರೆದ ಲೆಕ್ಕವೇ. ದೊಡ್ಡ ಮಾವನ ಮಗನ ಉಪನಯನಕ್ಕೆ ಊರೆಲ್ಲ ಕರೆ ಹೋಯಿತು. ಶಿರಸಿಯ ಬಾಡಿಗೆ ಕೋಣೆಯಲ್ಲಿದ್ದ ಸಣ್ಣ ಮಾವನಿಗೆ ಹೋಗಲಿಲ್ಲ. "ಮನೆಯಂವಂಗೆ ಎಂತಾ ಕರೆ?" ಎಂದು ದೊಡ್ಡ ಮಾವ ಅಂದುಕೊಂಡಿದ್ದ. ಬೇರೆ ಒಲೆ ಹೂಡಿದವನಿಗೆ ಕರೆ ಬೇಕು ಎಂದು ಸಣ್ಣ ಮಾವ ಅಂದುಕೊಂಡಿದ್ದ. ಇಬ್ಬರೂ ಕಾದರು. ಅವನು ಬರಲಿಲ್ಲ. ಅದಾದ ಸ್ವಲ್ಪ ದಿನಕ್ಕೇ ಕೋಣೆ ಖಾಲಿ ಮಾಡಿದ. ಹುಬ್ಬಳ್ಳಿಯಿಂದ ಒಂದು ಕಾರ್ಡು ಬಂತು, ಬೆಳಗಾವಿಯಿಂದಲೋ ಎಲ್ಲಿಂದಲೋ ಇನ್ನೊಂದು. ಆಮೇಲೆ ಇಲ್ಲ.

ಮಾವನ ವಿಳಾಸಕ್ಕೆ ಬಂದದ್ದು ಚಿಕ್ಕಿಯ ವಿಳಾಸಕ್ಕೇ ಹೋಗುವಂತೆ ಫಾರ್ವರ್ಡ್ ಹಾಕುತ್ತೇನೆ ಎಂದೆ. ಅದು ಅವಳಿಗೆ ಸರಿಬರಲಿಲ್ಲ.

"ಅವನ ಕಾಗದ ಆನು ಎಂತಕ್ಕೆ ಒಡೀಲಿ? ಅವಂಗೆ ಬೇರೆ ಪೆಟ್ಟಿಗೆ ಬೇಕು. ಬಾಗಿಲು, ಬೀಗ ಎಲ್ಲ ಇಪ್ಪಂಥದ್ದು."

"ಬೀಗದ ಕೈ ಅವನ ಹತ್ರ ಇಲ್ಲೆ ಅಲ್ದ ಚಿಕ್ಕಿ. ಪಾಸ್‌ವರ್ಡ್ ಅವಂಗೆ ಹೇಳೋರು ಯಾರು?"

"ಅವಂಗೆ ಗೊತ್ತಿಪ್ಪಂಥದ್ದೇ ಇಡ್ತೆ. ನೀ ಆಚೆ ತಿರುಗು."

ನಾನು ಆಚೆ ತಿರುಗಿದೆ. ಅವಳು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುವ ಸದ್ದು ಕೇಳುತ್ತಿತ್ತು. ಗುಂಪಿನ ಪೊಟ್ಟಣಗಳ ಮೇಲೆ ಅಂಟಿಸುವ ಚೀಟಿಯಲ್ಲಿ ಎಲ್ಲ ವಿಳಾಸಗಳ ಕೆಳಗೆ ಮಾವನದ್ದನ್ನೂ ಸೇರಿಸಲು ಹೇಳಿದಳು. ಪೊಟ್ಟಣಗಳು ಪೇಟೆ ಪೇಟೆಗೆ ಹೋಗುತ್ತವೆ. ಯಾವುದಾದರೊಂದು ಅಂಗಡಿಯಲ್ಲಿ ಅವನ ಕಣ್ಣಿಗೆ ಬಿದ್ದರೆ, ಊರಿನ ಹೆಸರಿನ ಜೊತೆ ತನ್ನ ಹೆಸರು ಕಂಡರೆ, ಅದು ತನ್ನ ಬಾಗಿಲೆಂದು ತಿಳಿಯದೇ ಇರುತ್ತಾನೆಯೇ ಎನ್ನುವುದು ಅವಳ ವಾದ. ನಾನು ನಕ್ಕಿದ್ದೆ ಎಂದು ನೆನಪು. ನಗಲಿಲ್ಲವೆಂದೂ ಇರಬಹುದು.

ಅಲ್ಲಿಂದ ಮುಂದೆ ಚಿಕ್ಕಿ ಮನೆಯ ಪ್ರತಿ ಕಾರ್ಯಕ್ಕೂ ಅವನನ್ನು ಕರೆದಳು. ಪೇಟೆಗೆ ಬಂದ ದಿನ ನನ್ನ ಪಕ್ಕ ಕೂತು, ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ, ತನ್ನ ವಿಳಾಸದಿಂದ ಅವನ ವಿಳಾಸಕ್ಕೆ ಕಳಿಸುತ್ತಿದ್ದಳು. ಮಗಳ ಮದುವೆ, ಅತ್ತೆಯ ವರ್ಷಾಂತ, ಒಮ್ಮೆ ಹೊಸಕ್ಕಿ ಊಟ. ಬರೆಯುತ್ತಿದ್ದದ್ದು ಇಷ್ಟೇ: ಇಂಥ ದಿನ, ಇಂಥ ಕಾರ್ಯ, ನೀನು ಮೊದಲೇ ಬಂದು ನಡೆಸಿಕೊಡಬೇಕು. ಅವನು ಓದುತ್ತಾನೆಂಬ ನಂಬಿಕೆ ಇದೆಯೇ ಎಂದು ಕೇಳಿದ್ದಕ್ಕೆ, "ಕರೀದೆ ಅಂವ ಬತ್ನಿಲ್ಲೆ. ಕರೆಯದು ನಮ್ಮ ಕೆಲಸ," ಎಂದಳು. ನಿಜ ಹೇಳಬೇಕೆಂದರೆ ನನಗೂ ಅವನು ಬೇಕಾಗಿದ್ದ. ಅವಳು "ಕಳಿಸು" ಎಂದು ಗುಂಡಿ ಒತ್ತಿದಾಗೆಲ್ಲ ನಾನು ಕಿಟಕಿಯಿಂದ ಕೆಳಗಿನ ಬಸ್ಸುಗಳನ್ನು ನೋಡುತ್ತಿದ್ದೆ, ಹುಬ್ಬಳ್ಳಿ ಕಡೆಯಿಂದ ಬಂದದ್ದನ್ನು ಹೆಚ್ಚು ಹೊತ್ತು.

ವೆನಿಲ್ಲಾದ ಬೆಲೆ ಕುಸಿಯಿತು. ಬಳ್ಳಿ ಕಿತ್ತರು, ಗುಂಪು ಚದುರಿತು. ನಾನು ಒಂದೊಂದೇ ಫಾರ್ವರ್ಡ್ ವಿಳಾಸ ಅಳಿಸುತ್ತ ಬಂದೆ. ಯಲ್ಲಾಪುರದ ಆ ಅಣ್ಣತಮ್ಮಂದಿರದ್ದನ್ನು ಅಳಿಸಿದಾಗ ಇಬ್ಬರಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಡೊಮೇನ್ ಬಿಡುವ ಮಾತು ಬಂದಾಗ ಚಿಕ್ಕಿ ಬಸ್ಸು ಹತ್ತಿ ಬಂದಳು. ಅದನ್ನು ತಾನು ಉಳಿಸಿಕೊಳ್ಳುವುದಾಗಿ ಹೇಳಿದಳು. ಒಂದು ವಿಳಾಸಕ್ಕಾಗಿ ಇಡೀ ಡೊಮೇನ್.

ನಂತರ ಆ ಡೊಮೇನ್ ಇಟ್ಟಿದ್ದ ಕಂಪನಿಯೇ ಮುಚ್ಚುವುದೆಂದಾಯಿತು. ಎಲ್ಲವನ್ನೂ ಬೇರೆ ಕಂಪನಿಗೆ ಸಾಗಿಸಬೇಕು. ಮಾವನ ಪೆಟ್ಟಿಗೆಗೆ ಹೊಸ ಪಾಸ್‌ವರ್ಡ್ ಹಾಕಿ ಒಳಗೆ ಹೋಗುವ ಅಧಿಕಾರ ನನಗಿತ್ತು. ಹಾಗೆ ಮಾಡುತ್ತೇನೆ ಎಂದದ್ದಕ್ಕೆ ಚಿಕ್ಕಿ ಒಪ್ಪಲಿಲ್ಲ.

"ಬೀಗ ಬದಲಾಯ್ಸಿರೆ ಅಂವ ಹೆಂಗೆ ಒಳಗೆ ಬತ್ನೇ?"

ಕೊನೆಗೆ ಹಳೆಯ ಪಾಸ್‌ವರ್ಡನ್ನೇ ಹೊಸ ಕಡೆಯೂ ಇಡುವುದೆಂದು ತೀರ್ಮಾನವಾಯಿತು. ಅದಕ್ಕೆ ಅವಳು ಅದನ್ನು ನನಗೆ ಹೇಳಲೇಬೇಕು. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಕಿವಿಯ ಹತ್ತಿರ ಬಂದು ಹೇಳಿದಳು. ಅವಳೂ ಮಾವನೂ ಸಣ್ಣವರಿದ್ದಾಗ ಮೇಯಿಸುತ್ತಿದ್ದ ಆಕಳ ಹೆಸರು. ಅದನ್ನು ಇಲ್ಲೂ ಬರೆಯುವುದಿಲ್ಲ.

ಚಿಕ್ಕಿ ಬಸ್ಸಿಗೆ ಹೋದ ಮೇಲೆ ಒಬ್ಬಳೇ ಪೆಟ್ಟಿಗೆ ತೆರೆದೆ. ತುಂಬ ಬೇಡದ ಜಾಹೀರಾತುಗಳಿದ್ದವು. ಓದದೇ ಬಿಟ್ಟ ಮೇಲ್‌ಗಳು ದಪ್ಪ ಅಕ್ಷರದಲ್ಲಿ ಕಾಣುತ್ತವೆ. ಜಾಹೀರಾತುಗಳೆಲ್ಲ ದಪ್ಪ ಅಕ್ಷರದಲ್ಲಿದ್ದವು. ನಡುನಡುವೆ ಚಿಕ್ಕಿಯ ಕರೆಗಳು. ಅವು ತೆಳು ಅಕ್ಷರದಲ್ಲಿದ್ದವು. ಮದುವೆ, ವರ್ಷಾಂತ, ಹೊಸಕ್ಕಿ, ಒಂದನ್ನೂ ಬಿಡದೆ ಯಾರೋ ತೆರೆದಿದ್ದರು. ಅಲ್ಲಿಂದ ಹೊರಗೆ ಹೋದ ಉತ್ತರ ಒಂದೂ ಇರಲಿಲ್ಲ.

ಯಾರು ಯಾವಾಗ ಒಳಗೆ ಬಂದರೆಂದು ತಿಳಿಯಲು ಕಂಪನಿಗೆ ಬರೆದೆ. ಮುಚ್ಚುವ ಗಡಿಬಿಡಿಯಲ್ಲಿ ಅವರು ಉತ್ತರಿಸಲಿಲ್ಲ. ಹೊಸ ಕಡೆಗೆ ಸಾಗಿಸಿದ ಮೇಲೆ ನೋಡಿದರೆ ಜಾಹೀರಾತೂ ಕರೆಯೂ ಎಲ್ಲ ಒಂದೇ ತೆಳು ಅಕ್ಷರಕ್ಕೆ ತಿರುಗಿದ್ದವು. ಹಳೆಯದು ಅಳಿದುಹೋಗಿತ್ತು. ಹಾಗಾಗಿ ಆ ಮಧ್ಯಾಹ್ನ ನಾನು ಕಂಡದ್ದಕ್ಕೆ ಈಗ ನನ್ನ ಕಣ್ಣೊಂದೇ ಸಾಕ್ಷಿ, ನನ್ನ ನೆನಪನ್ನು ನಾನು ಎಷ್ಟು ನಂಬುತ್ತೇನೆಂಬುದನ್ನು ಮೊದಲೇ ಹೇಳಿದ್ದೇನೆ. ದಿನಚರಿಯಲ್ಲಿ ಆ ದಿನ "ಡೊಮೇನ್ ಸಾಗಿಸಿದ್ದಾಯಿತು" ಎಂದಷ್ಟೇ ಇದೆ.

ಮುಂದಿನ ವಾರ ಹೇರೂರಿಗೆ ಹೋದೆ. ಚಿಕ್ಕಿ ಜಗಲಿಯಲ್ಲಿ ಕೂತು ಒಣಗಿದ ಕಾಳುಮೆಣಸು ಕೇರುತ್ತಿದ್ದಳು. ಕಂಡದ್ದನ್ನು ಹೇಳಿ, ಒಂದು ಪ್ರಶ್ನೆ ಕೇಳಿದೆ. ಮೊರ ಒಂದು ಕ್ಷಣ ನಿಂತಿತು, ಮತ್ತೆ ಆಡಿತು. ಆಮೇಲೆ ಅವಳು ಚಾ ಮಾಡಲು ಎದ್ದಳು, ಬಸ್ಸಿನ ಹೊತ್ತಾಯಿತೆಂದು ನೆನಪಿಸಿದಳು. ಇಂದಿಗೂ ಡೊಮೇನ್ ನವೀಕರಿಸುವ ಸಮಯ ಬಂದರೆ ಫೋನು ಮಾಡಿ "ಕಟ್ಟಿದ್ಯಾ?" ಎಂದು ಕೇಳುತ್ತಾಳೆ. ಅದರಾಚೆಗೆ ಒಂದು ಮಾತಿಲ್ಲ. ಅವನ ಕಾಗದ ತಾನು ಒಡೆಯುವುದಿಲ್ಲ ಎಂದವಳು ಅವಳು. ಆಕಳ ಹೆಸರು ಗೊತ್ತಿದ್ದದ್ದು ಅವರಿಬ್ಬರಿಗೇ. ಅವತ್ತು ಜಗಲಿಯಲ್ಲಿ ನಾನು ಕೇಳಿದ್ದು ಇಷ್ಟೇ:

"ಚಿಕ್ಕಿ, ಆ ಪೆಟ್ಟಿಗೆ ತೆಗೆದು ಓದಿದ್ದು ನೀನೇಯಾ?"