ಜರೀಗಿಡದ ಮೊಮ್ಮಗು

ಬೇರೆಯವರ ಗಿಡದ ಎಲೆಯನ್ನು ತಿರುಗಿಸಿ ನೋಡುವ ಚಾಳಿ ಒಳ್ಳೆಯದಲ್ಲ. ನೋಡಿದರೂ ಹಲ್ಲುಜ್ಜುವ ಬ್ರಷ್ ಹುಡುಕಿಕೊಂಡು ಹೋಗಬಾರದು. ನಾನು ಎರಡನ್ನೂ ಮಾಡಿದವನು.

ಜಯನಗರದಲ್ಲಿ ನಮ್ಮ ಪಕ್ಕದ ಮನೆಯ ನಾಗರತ್ನ ಮೇಡಂ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಬೀದಿಯಲ್ಲಿ ಎಲ್ಲರ ಮನೆ ಮುಂದೆ ಗುಲಾಬಿ, ದಾಸವಾಳ. ಅವರ ವರಾಂಡದಲ್ಲಿ ಮಾತ್ರ ಹೂವೇ ಬಿಡದ ಹನ್ನೊಂದು ಜರೀಗಿಡಗಳು. ತಂಗಿಯ ಮನೆಗೆಂದು ಶಿವಮೊಗ್ಗಕ್ಕೆ ಹೊರಟಾಗ, "ಹದಿನೈದು ದಿನ ಸಾರ್, ನೀರು ಹಾಕಿದ್ರೆ ಸಾಕು. ಬೇರೇನೂ ಮಾಡ್ಬೇಡಿ" ಎಂದರು. ಕೊನೆಯ ಮಾತನ್ನು ನಾನು ಬರಿಯ ಸೌಜನ್ಯ ಎಂದುಕೊಂಡೆ.

ಐದನೆಯ ದಿನ ಒಂದು ಎಲೆ ತಿರುಗಿಸಿದೆ. ಅಡಿಯಲ್ಲಿ ಸಾಲುಸಾಲು ಕಂದು ಚುಕ್ಕೆಗಳು, ಯಾರೋ ಸ್ಕೇಲ್ ಇಟ್ಟು ಅಂಟಿಸಿದ ಹಾಗೆ. ಫೋಟೋ ತೆಗೆದು, ಯಡಿಯೂರು ಕೆರೆಯ ಸುತ್ತ ನನ್ನ ಜೊತೆ ನಡೆಯುವ ಗೆಳೆಯರಿಗೆ ತೋರಿಸಿದೆ. ಒಬ್ಬರು ಹುಳದ ಮೊಟ್ಟೆ ಎಂದರು. ಇನ್ನೊಬ್ಬರು ತುಕ್ಕುರೋಗ ಎಂದರು. ಹೋದ ವರ್ಷ ಸರ್ಪಸುತ್ತು ಆಗಿದ್ದವರು ಸರ್ಪಸುತ್ತು ಎಂದರು. ರೋಗದ ಹೆಸರಿನಲ್ಲಿ ಒಮ್ಮತವಿರಲಿಲ್ಲ. ಉಜ್ಜಿ ತೆಗೆಯಬೇಕು ಎಂಬುದರಲ್ಲಿ ಇತ್ತು.

ಎರಡು ದಿನ ಉಜ್ಜಿದೆ. ಕಾಫಿಪುಡಿಯಂಥ ಧೂಳು ಅಂಗಿಯ ತುಂಬ ಉದುರಿತು. ಹೆಂಡತಿ ಶಾರದೆ ಆ ಅಂಗಿಯನ್ನು ಹಿತ್ತಲಿನ ಒಗೆಯುವ ಕಲ್ಲಿನ ಬಳಿ ಕೊಡವಿ, ಬೈಯುತ್ತಾ ಒಗೆದಳು.

ಮೇಡಂ ಊರಿಂದ ಬಂದಾಗ ಹೊಗಳಿಕೆಯ ಆಸೆಯಿಂದ ನಾನೇ ಹೋಗಿ ವರದಿ ಒಪ್ಪಿಸಿದೆ. ಅವರು ಎಲೆಗಳನ್ನು ಒಂದೊಂದಾಗಿ ತಿರುಗಿಸಿದರು. ಆಮೇಲೆ ಕುರ್ಚಿಯಲ್ಲಿ ಕುಳಿತುಬಿಟ್ಟರು.

"ಅದು ರೋಗ ಅಲ್ಲ ಸಾರ್, ಬೀಜಾಣು. ಜರೀಗಿಡಕ್ಕೆ ಹೂವಿಲ್ಲ, ಕಾಯಿಲ್ಲ. ಸಂತಾನ ಅಂತ ಇರೋದು ಅದೊಂದೇ. ಲಕ್ಷಗಟ್ಟಲೆ ಇತ್ತು."

ಲಕ್ಷಗಟ್ಟಲೆ! ಪುರಾಣದ ರಾಕ್ಷಸರೂ ಬ್ರಷ್ ಹಿಡಿದು ಇಂಥ ಕೆಲಸ ಮಾಡಿದ್ದನ್ನು ನಾನು ಕೇಳಿಲ್ಲ. ಅಂದಿನಿಂದ ಮೇಡಂ ನನ್ನನ್ನು ಕಂಡರೆ ಸಣ್ಣಗೆ ನಕ್ಕು ಗೇಟು ಹಾಕಿಕೊಳ್ಳುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ಶಾರದೆ ಕೂಗಿದಳು. "ರೀ, ಕಲ್ಲಿನ ಪಕ್ಕದ ಗೋಡೇಲಿ ಏನೋ ಪಾಚಿ. ಉಜ್ಜಿಬಿಡ್ತೀನಿ."

ಉಜ್ಜುವುದು ಎಂಬ ಮಾತು ಕೇಳಿಯೇ ನಾನು ಓಡಿದೆ. ಗೋಡೆಯ ಬಿರುಕಿನಲ್ಲಿ ಉಗುರಿನಗಲದ ಹಸಿರು ಹಾಳೆಗಳು, ಒಂದೊಂದೂ ಹೃದಯದ ಆಕಾರ. ಮೇಡಂ ಅವರನ್ನು ಕರೆತಂದೆ. ಅವರು ಸೀರೆ ನೆನೆಯುವುದನ್ನೂ ಲೆಕ್ಕಿಸದೆ ಮೊಣಕಾಲೂರಿದರು.

"ನಿಮ್ಮ ಅಂಗಿಯಿಂದ ಬಿದ್ದಿರೋದು ಸಾರ್! ಇವು ಮಕ್ಕಳು."

"ಒಂಚೂರೂ ತಾಯಿ ಥರ ಇಲ್ವಲ್ಲ ಮೇಡಂ?" ಎಂದಳು ಶಾರದೆ.

"ಇರಲ್ಲ ಶಾರದಾ. ಇವುಗಳಲ್ಲೇ ಗಂಡು, ಹೆಣ್ಣು ಎರಡೂ ಇರುತ್ತೆ. ಗಂಡು ನೀರಲ್ಲಿ ಈಜ್ಕೊಂಡು ಹೆಣ್ಣಿನ ಹತ್ರ ಹೋಗ್ಬೇಕು. ಆಮೇಲೆ ಹುಟ್ಟೋ ಮೊಮ್ಮಗು ನೋಡಿ, ಥೇಟ್ ಅಜ್ಜಿ! ಅಲ್ಲೀವರೆಗೂ ಗೋಡೆ ಒಣಗಬಾರದು, ಸೋಪು ತಾಗಬಾರದು."

ಛತ್ರ ಬೇಡ, ಪುರೋಹಿತರು ಬೇಡ, ನೀರು ಮಾತ್ರ ಬೇಕು ಎನ್ನುವ ಮದುವೆ! ಆದರೆ ನಮ್ಮ ಬೀದಿಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ. ಮಳೆಯೂ ಇಲ್ಲದೆ ನಲ್ಲಿಯೂ ಬಾರದ ದಿನ ವರ ನಡುದಾರಿಯಲ್ಲಿ ನಿಲ್ಲಬೇಕೇ? ಕುಡಿಯುವ ನೀರನ್ನೇ ಬಾಟಲಿಗೆ ತುಂಬಿಕೊಂಡು ದಿನವೂ ಗೋಡೆಗೆ ಚಿಮುಕಿಸತೊಡಗಿದೆ. ಎದುರು ಮನೆಯವರು ಏಕೆಂದು ಕೇಳಿದಾಗ ಮದುವೆ ಎಂದೆ. ಯಾರದು ಎಂದು ಕೇಳಿದಾಗ ಕೆಮ್ಮಿದೆ. ಶಾರದೆ ಬಚ್ಚಲಿನಲ್ಲಿ ಬಟ್ಟೆ ಒಗೆಯುತ್ತಾ ಗಂಡಿನ ಕಡೆಯವರನ್ನೂ ಹೆಣ್ಣಿನ ಕಡೆಯವರನ್ನೂ ಒಟ್ಟಿಗೆ ಶಪಿಸುತ್ತಿದ್ದಳು.

ನಡುವೆ ನನಗೆ ಜ್ವರ ಬಂದು ಒಂದು ವಾರ ಮಲಗಿದೆ. ಎದ್ದವನೇ ನಡುಗುತ್ತಾ ಹಿತ್ತಲಿಗೆ ಹೋದೆ. ಗೋಡೆ ಒದ್ದೆಯಾಗಿತ್ತು. ಇನ್ನೂ ಕೆಲವು ವಾರಗಳು ಕಳೆದ ಮೇಲೆ ಒಂದು ಹೃದಯದ ಮಧ್ಯದಿಂದ ಸುರುಳಿ ಸುತ್ತಿದ ಪುಟ್ಟ ಎಲೆ ತಲೆಯೆತ್ತಿತು.

ಮೇಡಂ ಕುಂಡ, ಚಮಚ ಹಿಡಿದು ಬಂದರು. "ಬೇರು ಸಮೇತ ತಗೊಂಡು ಹೋಗ್ತೀನಿ."

ಶಾರದೆ ಗೋಡೆಗೆ ಅಡ್ಡ ನಿಂತಳು. "ಇವರು ಮಲಗಿದ್ದಾಗ ದಿನಾ ನೀರು ಹಾಕ್ದೋಳು ನಾನು. ಕೊಡಲ್ಲ."

ಮೇಡಂ ಎಷ್ಟೋ ತಿಂಗಳ ಮೇಲೆ ಬಾಯಿತುಂಬ ನಕ್ಕರು. "ಆಯ್ತು ಕಣಮ್ಮ. ಆಗಾಗ ಬಂದು ನೋಡ್ಕೊಂಡು ಹೋಗ್ಲಾ?"

ಈಗ ವಾರಕ್ಕೆರಡು ಸಲ ಇಬ್ಬರೂ ಹಿತ್ತಲಿನಲ್ಲಿ ಬೀಗಿತಿಯರಂತೆ ಕೂತು ಕಾಫಿ ಕುಡಿಯುತ್ತಾರೆ. ಈ ಸಂಬಂಧದಲ್ಲಿ ನಾನು ಯಾರು ಎಂದು ಮೊನ್ನೆ ಕೇಳಿಯೇಬಿಟ್ಟೆ.

ಮೇಡಂ ಯೋಚಿಸಿ ಹೇಳಿದರು: "ಬೀಜಾಣು ಚೆಲ್ಲೋ ಕೆಲಸ ಕಾಡಲ್ಲಿ ಗಾಳಿ ಮಾಡುತ್ತೆ ಸಾರ್. ಇಲ್ಲಿ ನೀವು."

ಒಪ್ಪಿಕೊಂಡೆ. ಗಾಳಿಗೆ ಯಾರೂ ಕಾಫಿ ಕೊಡುವುದಿಲ್ಲ. ನನಗೆ ಅರ್ಧ ಲೋಟ ಸಿಗುತ್ತದೆ.