ಗುರುತಿದ್ದ ಬೇರು

ನನ್ನ ಕೆಲಸವೇ ಸಂಶಯಪಡುವುದು. ಜರ್ಮನಿಯ ರೆನ್ನಿಂಗೆನ್ ಎಂಬ ಊರಿನ ಲ್ಯಾಬಿನಲ್ಲಿ ಕುಳಿತು, ಬೇರೆಯವರು ಚೆನ್ನಾಗಿದೆ ಎಂದು ಬರೆದು ಕಳಿಸಿದ್ದನ್ನು ಮತ್ತೆ ಪರೀಕ್ಷೆ ಮಾಡಿ, ಎಲ್ಲಿ ಕೆಡುತ್ತದೆ ಎಂದು ಹುಡುಕಿ ತೆಗೆಯುವವಳು ನಾನು. ಹಾಗಿರುವಾಗ ನನ್ನ ಗಂಡ ಚೀನೀ ಮೂಲಿಕೆ ವೈದ್ಯೆಯ ಹತ್ತಿರ ಹೋಗುತ್ತೇನೆ ಎಂದರೆ ಸುಮ್ಮನಿರುವುದು ಹೇಗೆ?

ಇವರಿಗೆ ಕೆಮ್ಮು ಹಿಡಿದು ಮೂರು ತಿಂಗಳಾಗಿತ್ತು. ನಮ್ಮ ಹೌಸ್‌ಆರ್ಟ್ಸ್ಟ್, ಅಂದರೆ ಯಾವ ಕಾಯಿಲೆಗೂ ಮೊದಲು ಹೋಗಬೇಕಾದ ಡಾಕ್ಟರು, ಎಕ್ಸ್‌ರೇ ತೆಗೆಸಿ ಏನೂ ಇಲ್ಲ ಎಂದರು. ಈ ದೇಶದ ಪದ್ಧತಿಯಂತೆ, ಚೆನ್ನಾಗಿ ಚಹಾ ಕುಡಿಯಿರಿ ಎಂದು ಹೇಳಿ ಕಳಿಸಿದರು.

"ಮೀಟಿಂಗಲ್ಲಿ ಮ್ಯೂಟ್ ಮಾಡಿಯೇ ನನ್ನ ಜೀವನ ಮುಗೀತು ಮಾರಾಯ್ತಿ. ಒಮ್ಮೆ ಹೋಗಿ ನೋಡುವ," ಎಂದರು ಇವರು. ನಾನೂ ಹೋದೆ, ಕಾವಲಿಗೆ.

ಕ್ಲಿನಿಕ್ ಒಂದು ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ವೈದ್ಯೆ ಚೀನಾದವರಲ್ಲ, ಈ ಕಡೆಯವರೇ ಆದ ಜರ್ಮನ್ ಹೆಂಗಸು. ನನ್ನ ಮೊದಲ ಸಂಶಯ ಅಲ್ಲೇ ಶುರುವಾಯಿತು. ಒಳಗೆ ಕರೆಯುವ ಮೊದಲು ನಾಲ್ಕು ಪುಟದ ಫಾರ್ಮ್ ಕೊಟ್ಟರು. ಫಾರ್ಮ್ ತುಂಬುವುದು ನಮ್ಮ ಮನೆಯಲ್ಲಿ ನನ್ನ ಇಲಾಖೆ. ಬೇರೆ ಔಷಧಿ, ಟಾನಿಕ್ಕು, ಮೂಲಿಕೆಯ ಚಹಾ ಏನಾದರೂ ತೆಗೆದುಕೊಳ್ಳುತ್ತೀರಾ ಎಂಬ ಸಾಲಿನ ಮುಂದೆ 'ಕೈನೆ' ಎಂದು ಬರೆದೆ. ಏನೂ ಇಲ್ಲ.

ವೈದ್ಯೆ ಇವರ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಬಹಳ ಹೊತ್ತು ಕುಳಿತರು, ಮೊದಲು ಎಡಗೈ, ಆಮೇಲೆ ಬಲಗೈ. ನಾಲಿಗೆ ಹೊರಗೆ ಹಾಕಿಸಿ ಅದರ ಮೇಲಿನ ಬಿಳಿ ಪದರವನ್ನು ನೋಡಿದರು. ಕಫ ಹುಟ್ಟುವುದು ಅನ್ನ ಜೀರ್ಣವಾಗುವ ಕಡೆ, ಶ್ವಾಸಕೋಶ ಅದನ್ನು ತುಂಬಿಡುವ ಪಾತ್ರೆ ಮಾತ್ರ, ಬರೀ ಪಾತ್ರೆ ತೊಳೆದರೆ ಸಾಲದು ಎಂದರು.

"ಇದನ್ನು ಅಳೆದು ತೋರಿಸಲಿಕ್ಕೆ ಆಗುತ್ತದೆಯೇ?" ಎಂದು ಕೇಳಿದೆ.

"ಇಲ್ಲ," ಎಂದರು. ಅಷ್ಟು ಸಲೀಸಾಗಿ ಇಲ್ಲ ಎಂದವರ ಮೇಲೆ ನನಗೆ ಇನ್ನೂ ಅನುಮಾನ ಬಂತು.

ಆಮೇಲೆ ಔಷಧದ ಲೆಕ್ಕಾಚಾರ ವಿವರಿಸಿದರು. ಪ್ರತಿ ಮೂಲಿಕೆಗೂ ಒಂದು ಗುಣ: ಬಿಸಿ, ಬೆಚ್ಚಗೆ, ತಂಪು, ಶೀತ. ರುಚಿಗೂ ಕೆಲಸ ಉಂಟು. ಖಾರ ಹರಡುತ್ತದೆ, ಕಹಿ ಒಣಗಿಸುತ್ತದೆ, ಹುಳಿ ಹಿಡಿದಿಡುತ್ತದೆ, ಉಪ್ಪು ಗಟ್ಟಿಯಾದದ್ದನ್ನು ಮೆದು ಮಾಡುತ್ತದೆ, ಸಿಹಿ ಪೋಷಿಸುತ್ತದೆ. ಇವನ್ನೆಲ್ಲ ಒಂದು ಆಸ್ಥಾನದಂತೆ ಕೂಡಿಸಬೇಕಂತೆ. ರೋಗವನ್ನು ಎದುರಿಸಲು ರಾಜ, ಅವನ ಬೆನ್ನಿಗೆ ಮಂತ್ರಿ, ರಾಜನ ಉಗ್ರತೆ ತಗ್ಗಿಸಲು ಸಹಾಯಕ, ಕೊನೆಗೆ ಎಲ್ಲರನ್ನೂ ಹೊಂದಿಸಿಕೊಂಡು ಹೋಗುವ ದೂತ. ಪಪ್ಪಾಯಿ ಉಷ್ಣ, ಸೌತೆಕಾಯಿ ಶೀತ ಎಂದು ಕೇಳಿಯೇ ಮಂಗಳೂರಿನಲ್ಲಿ ಬೆಳೆದ ನನಗೆ ಇದೇನೂ ಹೊಸತಲ್ಲ. ಆದರೆ ಅಮ್ಮ ಹೇಳಿದಾಗ ಸಹಜವಾಗಿ ಕೇಳಿಸುತ್ತಿದ್ದದ್ದು ಈ ವೈದ್ಯೆಯ ಬಾಯಲ್ಲಿ ಕಾಗೆ ಹಾರಿಸಿದಂತೆ ಕೇಳುತ್ತಿತ್ತು.

ವೈದ್ಯೆಯ ಚೀಟಿ ತೋರಿಸಿ ಅಪೊಥೆಕೆ ಎಂಬ ಇಲ್ಲಿನ ಔಷಧಿ ಅಂಗಡಿಯಿಂದ ತಂದ ಪೊಟ್ಟಣಗಳಲ್ಲಿ ಒಂದನ್ನು ಮನೆಗೆ ಬಂದವಳೇ ಬಿಚ್ಚಿ, ಸೂಪರ್ ಮಾರ್ಕೆಟಿನ ಜಾಹೀರಾತು ಪೇಪರಿನ ಮೇಲೆ ಹರಡಿದೆ. ಸೀಮೆಸುಣ್ಣದ ಚೂರಿನಂಥ ಬಿಳಿ ತುಂಡುಗಳು, ಒಣಗಿದ ಸಿಪ್ಪೆ, ಏನೆಂದೇ ತಿಳಿಯದ ಗಡ್ಡೆಗಳು. ಚಿಮುಟದಲ್ಲಿ ಒಂದೊಂದೇ ಎತ್ತಿ ಬೇರೆ ಮಾಡತೊಡಗಿದೆ.

"ಪೊಲೀಸರ ಹಾಗೆ ಎಂತದ್ದು ಹುಡುಕುದು ಮಾರಾಯ್ತಿ?" ಎಂದರು ಇವರು.

ಹಳದಿ ಬಣ್ಣದ ಒಂದು ಬಿಲ್ಲೆ ಸಿಕ್ಕಿತು. ಕಚ್ಚಿ ನೋಡಿದೆ. ಸಿಹಿ. ಜ್ಯೇಷ್ಠಮಧು! ಚೀಟಿಯಲ್ಲಿ ನೋಡಿದರೆ ಅದೇ ಆ ಆಸ್ಥಾನದ ದೂತ. ಪರದೇಶದ ಬಸ್ಸಿನಲ್ಲಿ ಊರಿನವರು ಸಿಕ್ಕಿದಷ್ಟು ಸಂತೋಷವಾಯಿತು.

"ಇದೊಂದು ನಮ್ಮದು. ಉಳಿದದ್ದಕ್ಕೆ ನಾನು ಗ್ಯಾರಂಟಿ ಅಲ್ಲ ಮಾರಾಯ್ರೆ," ಎಂದೆ.

ಇವರು ದಿನಾ ಅದನ್ನು ಕುದಿಸಿ, ಆ ಕಪ್ಪು ನೀರನ್ನು ಮೂಗು ಮುಚ್ಚಿಕೊಂಡು ಕುಡಿದರು. ನನಗೆ ಅದರ ಮೇಲೆ ಕವಡೆಯಷ್ಟೂ ನಂಬಿಕೆ ಇರಲಿಲ್ಲ. ಹಾಗಾಗಿ ನನ್ನ ಕಷಾಯವನ್ನು ಜೋರು ಮಾಡಿದೆ. ನಮ್ಮಲ್ಲಿ ಬೆಳಿಗ್ಗೆ ಸಂಜೆ ಕಾಫಿಯ ಬದಲು ಕಷಾಯವೇ, ಹಾಲು ಬೆಲ್ಲ ಹಾಕಿ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಮೆಂತೆ ಹುರಿದು, ಜ್ಯೇಷ್ಠಮಧು ಸೇರಿಸಿ ಪುಡಿ ಮಾಡುವುದು ನಾನೇ. ಗಂಟಲಿಗೆ ಒಳ್ಳೆಯದೆಂದು ಆ ಚಳಿಗಾಲದಲ್ಲಿ ಜ್ಯೇಷ್ಠಮಧುವನ್ನು ಹಿಡಿ ಹಿಡಿಯಾಗಿ ಹಾಕಿದೆ. ಎರಡು ಲೋಟ ನಾಲ್ಕಾಯಿತು. ಆಫೀಸಿನಲ್ಲಿ ಅಗಿಯಲೆಂದು ಅದರ ಕಡ್ಡಿಗಳನ್ನು ಇವರ ಜಾಕೆಟ್ಟಿನ ಜೇಬಿಗೂ ತುಂಬಿದೆ. ಕೆಮ್ಮು ಇಳಿಯಿತು. ನನ್ನ ಕಷಾಯದಿಂದಲೇ ಎಂದು ನಾನು ಮನಸ್ಸಿನಲ್ಲಿ ತೀರ್ಪು ಕೊಟ್ಟುಕೊಂಡೆ.

ಆರನೇ ವಾರದಲ್ಲಿ ಇವರ ಕಾಲು ಊದಿತು. ಕಾಲುಚೀಲ ತೆಗೆದರೆ ಅದರ ಗುರುತು ಗಂಟೆಗಟ್ಟಲೆ ಹಾಗೇ ಇರುತ್ತಿತ್ತು. ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಬಲವಿಲ್ಲ ಎಂದರು. ಹೌಸ್‌ಆರ್ಟ್ಸ್ಟ್ ಬಿ.ಪಿ. ಏರಿದ್ದನ್ನು ನೋಡಿ ನಂಬದೆ ಎರಡನೇ ಸಲ ಪಟ್ಟಿ ಸುತ್ತಿದರು. ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಇಳಿದಿತ್ತು. ಹೃದಯದ ಬಡಿತ ತಪ್ಪಬಹುದು ಎಂದು ಅದೇ ದಿನ ಆಸ್ಪತ್ರೆಗೆ ಕಳಿಸಿದರು. ಎದೆಗೆ ವೈರು ಅಂಟಿಸಿಕೊಂಡು ಮಲಗಿದ್ದ ಇವರನ್ನು ನೋಡುತ್ತ ಪಕ್ಕದ ಕುರ್ಚಿಯಲ್ಲಿ ಕುಳಿತೆ. ಇವರಿಲ್ಲದ ಮನೆಯನ್ನು ಒಂದು ಕ್ಷಣ ಕಲ್ಪಿಸಿಕೊಂಡುಬಿಟ್ಟೆ. ಭಯದ ಹಿಂದೆಯೇ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಉಳಿದ ಪೊಟ್ಟಣಗಳನ್ನು ಹಿಡಿದು ಕ್ಲಿನಿಕ್ಕಿಗೆ ಹೋದೆ. ಮೇಜಿನ ಮೇಲೆ ಅವನ್ನು ಸುರಿದು, "ನಿಮ್ಮ ರಾಜ, ಮಂತ್ರಿ ಎಲ್ಲ ಸೇರಿ ನನ್ನ ಗಂಡನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ಯಾವುದು ವಿಷ, ಈಗಲೇ ಹೇಳಿ," ಎಂದೆ.

ವೈದ್ಯೆಯ ಮುಖ ಬಿಳಿಚಿಕೊಂಡಿತು. ಆದರೆ ವಾದಕ್ಕೆ ಇಳಿಯಲಿಲ್ಲ. ಏನೇನು ಲಕ್ಷಣ ಎಂದು ಕೇಳಿಕೊಂಡು, ರಾಶಿಯಿಂದ ಒಂದು ಬಿಲ್ಲೆ ಎತ್ತಿದರು. ಹಳದಿ ಬಿಲ್ಲೆ.

"ಹೀಗೆ ಮಾಡಬಲ್ಲದ್ದು ಇದರಲ್ಲಿ ಇದೊಂದೇ. ಹೆಚ್ಚಾದರೆ ಮೈಯಲ್ಲಿ ನೀರು ನಿಲ್ಲಿಸಿ ಪೊಟ್ಯಾಸಿಯಂ ಹೊರಗೆ ಹಾಕುತ್ತದೆ. ದೂತನ ಕೆಲಸ ಸ್ವಲ್ಪದರಲ್ಲೇ ಆಗಬೇಕು, ಅದಕ್ಕೇ ನಾನು ಕೊಟ್ಟದ್ದು ದಿನಕ್ಕೆ ಇಂಥ ಎರಡು ಬಿಲ್ಲೆ," ಎಂದರು. ಆಮೇಲೆ ನನ್ನನ್ನೇ ನೋಡಿ, "ಇದು ಬೇರೆ ಎಲ್ಲಿಂದಾದರೂ ಅವರ ಹೊಟ್ಟೆಗೆ ಹೋಗುತ್ತಿದೆಯೇ? ಲಾಕ್ರಿಟ್ಸ್ ತಿನ್ನುತ್ತಾರಾ?" ಎಂದರು. ಲಾಕ್ರಿಟ್ಸ್ ಎಂದರೆ ಆ ಬೇರಿನಿಂದಲೇ ಮಾಡುವ ಇಲ್ಲಿನ ಕಪ್ಪು ಮಿಠಾಯಿ.

ಇಲ್ಲ ಎನ್ನಲು ಬಾಯಿ ತೆರೆದೆ. ಅವರ ಕೈಯಲ್ಲಿ ಆಗಲೇ ನನ್ನ ಫಾರ್ಮ್ ಇತ್ತು. ಮೂರನೇ ಪುಟ, ನನ್ನದೇ ದುಂಡಗಿನ ಅಕ್ಷರ: ಕೈನೆ. ಸುಳ್ಳು ಬರೆದಿರಲಿಲ್ಲ ನಾನು. ಕಷಾಯ ಔಷಧಿ ಎಂದು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಅಂದುಕೊಂಡದ್ದಿಲ್ಲ. ಅದು ಅಡುಗೆಮನೆಯದು, ಅನ್ನ ಸಾರಿನ ಸಾಲಿನದು. ಅತಿಯಾದರೆ ಅಮೃತವೂ ವಿಷ ಎಂದು ಊರಿಗೆಲ್ಲ ಹೇಳುವವಳು ನಾನು. ಆಗ ಏನೂ ಹೇಳದೆ ಎದ್ದು ಬಂದುಬಿಡಬಹುದಿತ್ತು, ತಪ್ಪು ಅವರ ತಲೆಯ ಮೇಲೆಯೇ ಉಳಿಯುತ್ತಿತ್ತು. ಆದರೆ ಇವರು ಅಲ್ಲಿ ವೈರಿನಲ್ಲಿ ಮಲಗಿದ್ದಾರೆ. ನಾಲ್ಕು ಲೋಟದ ಲೆಕ್ಕ, ಜೇಬಿನ ಕಡ್ಡಿ, ಎಲ್ಲ ಹೇಳಿದೆ. ಹೇಳುತ್ತ ಅಳು ಬಂತು.

ವೈದ್ಯೆ ನನ್ನನ್ನು ಬೈಯಲಿಲ್ಲ. ಫೋನ್ ಎತ್ತಿ ಆಸ್ಪತ್ರೆಗೆ ವಿಷಯ ತಿಳಿಸಿದರು. ಇಟ್ಟ ಮೇಲೆ, "ಅಡುಗೆಮನೆಯ ಬಗ್ಗೆ ನಾನೂ ಕೇಳಬೇಕಿತ್ತು," ಎಂದರು.

ವೈದ್ಯೆಯ ಔಷಧ, ನನ್ನ ಕಷಾಯ ಎರಡೂ ನಿಲ್ಲಿಸಿದ ಮೇಲೆ ಊತ ಇಳಿಯಿತು, ಬಿ.ಪಿ. ಮೆಲ್ಲಗೆ ಹಿಂದಿನ ಮಟ್ಟಕ್ಕೆ ಬಂತು. ಕಷಾಯದ ಡಬ್ಬಿಯನ್ನು ನಾನೇ ಕಸಕ್ಕೆ ಸುರಿದೆ. ತಿಂಗಳು ಬಿಟ್ಟು ಒಂದು ಶನಿವಾರ ಹೊಸ ಪುಡಿ ಮಾಡಿ, ಕುದಿಸಿ, ಲೋಟ ಇವರ ಮುಂದಿಟ್ಟೆ. ಇವರು ಕೈಗೆತ್ತಿಕೊಂಡರು, ಕುಡಿಯಲಿಲ್ಲ.

"ಇದರಲ್ಲಿ ಎಂತೆಲ್ಲ ಉಂಟು?"

ಹದಿನಾರು ವರ್ಷ ನಾನು ಏನು ಕೊಟ್ಟರೂ ಕೇಳದೆ ಕುಡಿದವರು. ತಮಾಷೆಯೇನೋ ಎಂದು ಮುಖ ನೋಡಿದೆ. ತಮಾಷೆ ಇರಲಿಲ್ಲ.

"ಕೊತ್ತಂಬರಿ, ಜೀರಿಗೆ, ಮೆಂತೆ, ಸ್ವಲ್ಪ ಕಾಳುಮೆಣಸು."

"ಮತ್ತೆ?"

"ಮತ್ತೆ ಎಂತ ಇಲ್ಲ."

ಇವರು ಲೋಟವನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿ, ಆಮೇಲೆ ಕುಡಿದರು.