ಅತ್ತೆಗೊಂದು ಹರಿಯುವ ಹೊಳೆ

ವೆಲ್ಡರ್ ಹೊಳೆಗೆ ಹೊರಟನೆಂದರೆ ಬೀದಿಯ ನಾಯಿಗಳು ಎದ್ದು ದಾರಿ ಬಿಡುತ್ತಿದ್ದವು. ಗೌರವದಿಂದಲ್ಲ, ಅವನ ಹೆಗಲ ಮೇಲಿನ ಮುಕ್ಕಾಲಿಯ ಭಯದಿಂದ. ಅಂಗಡಿಯಲ್ಲಿ ಸಿಗುವ ಕ್ಯಾಮೆರಾ ಸ್ಟ್ಯಾಂಡು ಗಾಳಿಗೆ ನಡುಗುತ್ತದೆಂದು ಮೂಗು ಮುರಿದು, ಕಿಟಕಿ ಸರಳು ಮಾಡಿ ಮಿಕ್ಕ ಕಬ್ಬಿಣದಲ್ಲಿ ಅವನೇ ಬೆಸೆದುಕೊಂಡದ್ದು ಅದು. ತೂಕ ಹದಿನೆಂಟು ಕಿಲೊ. ಅದರ ನೆತ್ತಿಯಲ್ಲಿ ಕೂರುವ ಕ್ಯಾಮೆರಾ ಒಂದು ಕಿಲೊ ಕೂಡ ಇರಲಿಲ್ಲ.

"ಆನೆ ಮೇಲೆ ಗುಬ್ಬಿ ಕೂರಿಸಿದ ಹಾಗಿದೆ ಕಣ್ರೀ," ಎಂದು ಹೆಂಡತಿ ನಗುತ್ತಿದ್ದಳು.

"ನಗು, ನಗು. ಪ್ರವಾಹ ಬಂದು ಊರೇ ಕೊಚ್ಚಿಹೋದ್ರೂ ಇದು ಮಾತ್ರ ಅಲ್ಲೇ ನಿಂತಿರುತ್ತೆ."

"ನಿಂತಿರುತ್ತೆ. ಫೋಟೊ ತೆಗೆಯೋರೇ ಇರಲ್ಲ."

ಬೇರೆಯವರು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುವ ಫೋಟೊವನ್ನು ಇವನು ಕ್ಯಾಮೆರಾದ ಕಣ್ಣು ತೆರೆದೇ ಇಟ್ಟು ನಾಲ್ಕು ನಿಮಿಷ ತೆಗೆಯುತ್ತಿದ್ದ. ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ಹಿಡಿಯುವ ಕಪ್ಪು ಗಾಜನ್ನೇ ರಬ್ಬರ್ ಬ್ಯಾಂಡಿನಿಂದ ಲೆನ್ಸಿಗೆ ಕಟ್ಟುತ್ತಿದ್ದ. ಉರಿಬಿಸಿಲು ಕೂಡ ಆ ಗಾಜಿನಲ್ಲಿ ತೊಟ್ಟು ತೊಟ್ಟಾಗಿ ನುಸುಳಬೇಕು. ಅಷ್ಟು ಹೊತ್ತೂ ಹೊಳೆ ಹರಿದು ಹರಿದು, ಕೊನೆಗೆ ಚಿತ್ರದಲ್ಲಿ ನೊರೆಯಿಲ್ಲ, ಅಲೆಯಿಲ್ಲ, ಬಂಡೆಗಳ ನಡುವೆ ಮಂಜು ಮಲಗಿದಂತೆ ನುಣುಪು. ಗಾಜಿನಿಂದ ಚಿತ್ರಕ್ಕೆ ಅಂಟಿಕೊಳ್ಳುವ ಹಸಿರು ಬಣ್ಣವನ್ನು ತೆಗೆದು ಕಪ್ಪು ಬಿಳುಪು ಮಾಡಿಸಿದರೆ ಮುಗಿಯಿತು. ಸ್ಟುಡಿಯೊದವನು ಒಮ್ಮೆ ಬಾಯಿ ತಪ್ಪಿ "ಇದು ಕಲೆ ಸಾರ್" ಅಂದುಬಿಟ್ಟಿದ್ದ. ಅಂದಿನಿಂದ ವೆಲ್ಡರನ ಕತ್ತು ಎರಡು ಅಂಗುಲ ಉದ್ದವಾಗಿತ್ತು, ಮನೆಯ ಗೋಡೆಗಳಲ್ಲಿ ಮೊಳೆ ಹೊಡೆಯಲು ಜಾಗ ಉಳಿದಿರಲಿಲ್ಲ.

ವಿಚಿತ್ರವೆಂದರೆ ಈ ಹೊಳೆಭಕ್ತನ ಕೈಯಿಂದಲೇ ಹೊಳೆಗೆ ಬೀಗ ಬೀಳುವುದಿತ್ತು. ಕೆಳಗಡೆ ಕಟ್ಟುತ್ತಿದ್ದ ಅಣೆಕಟ್ಟಿಗೆ ಏಳು ಕಬ್ಬಿಣದ ಗೇಟುಗಳು. ಅದರಲ್ಲಿ ಎರಡು ಅವನೇ ಬೆಸೆದವು. ಮುಂದಿನ ಸೋಮವಾರ ಬೆಳಿಗ್ಗೆ ಅವು ಇಳಿದರೆ ಮನೆಯ ಹಿಂದೆ ಬಂಡೆ ಹಾರಿ ಧುಮುಕುವ ನೀರು ಏರಿ, ನಿಂತು, ಕೆರೆಯಾಗುತ್ತದೆ. ಊರಿಗೆ ಕುಡಿಯುವ ನೀರು ಸಿಗುವ ಕೆಲಸ, ಬೇಡವೆನ್ನಲು ಯಾರಿಗೂ ಬಾಯಿಲ್ಲ. ಅತ್ತೆಯೂ ಬೇಡವೆನ್ನಲಿಲ್ಲ.

ಹೆಂಡತಿಯ ತಾಯಿಗೆ ಆರು ವರ್ಷದಿಂದ ಕಿವಿ ತೀರಾ ಮಂದ, ಪಕ್ಕದಲ್ಲಿ ಕೂಗಿದರಷ್ಟೇ ಕೇಳಿಸುತ್ತದೆ. ಹಿಂದಿನ ಕೋಣೆಯ ಕಿಟಕಿಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತ ಹೊಳೆ ನೋಡುವುದು ಅವರ ದಿನಚರಿ. ಗೇಟು ಇಳಿಯಲು ಎಂಟು ದಿನವಿದ್ದಾಗ, ಊಟದ ಮಧ್ಯೆ ಕೇಳಿದರು:

"ಅಳಿಯಂದ್ರೇ, ನನಗೊಂದು ಹೊಳೆ ಫೋಟೊ ಮಾಡಿಕೊಡಿ."

"ಗೋಡೆ ತುಂಬ ಇದೆಯಲ್ಲ ಅತ್ತೆ," ಎಂದು ಅವನು ಕೂಗಿ ಹೇಳಿದ.

"ಅವಲ್ಲ. ಹರಿಯೋದು." ತುತ್ತು ನುಂಗಿ ಮುಂದುವರಿಸಿದರು. "ಕಿವಿ ಹೋದ ಮೇಲೆ ನಾನು ಹೊಳೆ ಕೇಳೋದು ಕಣ್ಣಲ್ಲೇ. ನೀರು ಬಂಡೆ ಹಾರೋದು ನೋಡಿದ್ರೆ ಸದ್ದು ತಾನಾಗಿ ತಲೆಯೊಳಗೆ ಬರುತ್ತೆ. ಸೋಮವಾರದಿಂದ ಅದೂ ಇಲ್ಲ."

ಉಪ್ಪು ಮುಗಿದಿದೆ ಎನ್ನುವಷ್ಟು ಸಲೀಸಾಗಿ ಹೇಳಿದ್ದರು. ವೆಲ್ಡರ್ ಮಾತ್ರ ಅರ್ಧ ಊಟಕ್ಕೇ ಎದ್ದು ಕ್ಯಾಮೆರಾ ಒರೆಸತೊಡಗಿದ.

ಮರುದಿನವೇ ದಂಡಯಾತ್ರೆ ಹೊರಟ. ಅತ್ತೆಗೆಂದ ಮೇಲೆ ಜಿಪುಣತನವೇಕೆ, ಎಂದು ಪೂರ್ತಿ ಆರು ನಿಮಿಷ ತೆಗೆದ. ಅವನ ಜೀವಮಾನದ ದಾಖಲೆ. ಕ್ಯಾಮೆರಾದ ಪುಟ್ಟ ಪರದೆ ಅತ್ತೆಯ ಕಣ್ಣಿಗೆ ಸಾಲದು. ಸ್ಟುಡಿಯೊದವನು ದೊಡ್ಡ ಪ್ರಿಂಟು ಕೊಡಲು ಎರಡು ದಿನ ಬೇಕು. ಬುಧವಾರ ಪ್ರಿಂಟು ಬಂತು. ಅತ್ತೆ ಕನ್ನಡಕ ಏರಿಸಿ ನೋಡಿದರು.

"ಹಾಲಿಗೆ ಹೆಪ್ಪು ಹಾಕಿದ್ದೀರಾ?"

"ಹೊಳೆ ಅತ್ತೆ, ಅದು ಹೊಳೆ."

"ಗೇಟು ಇಳಿಸೋದು ಸೋಮವಾರ ಅಂದಿದ್ರಿ. ಇದರಲ್ಲಿ ಆಗಲೇ ಇಳಿಸಿಬಿಟ್ಟಿದ್ದೀರಲ್ಲ."

ಎರಡು ಅಂಗುಲ ಉದ್ದವಾಗಿದ್ದ ಕತ್ತು ಅಷ್ಟೂ ಒಳಗೆ ಹೋಯಿತು. ಇಷ್ಟು ವರ್ಷ ತಾನು ಹೊಳೆಯ ಫೋಟೊ ತೆಗೆದದ್ದೋ, ಹೊಳೆಯನ್ನು ತೆಗೆದುಹಾಕಿದ್ದೋ ಎಂಬ ಗುಮಾನಿ ಮೊದಲ ಸಲ ಬಂತು. ಹಟ ತೊಟ್ಟು ಅಂದೇ ಕಪ್ಪು ಗಾಜು ಕಳಚಿ, ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಕ್ಲಿಕ್ಕಿಸಿದ. ಶುಕ್ರವಾರ ಅತ್ತೆ ಆ ಪ್ರಿಂಟನ್ನೂ ನೋಡಿದರು. ಹನಿಹನಿಯೂ ಗಾಳಿಯಲ್ಲಿ ಹಾಗೇ ನಿಂತಿತ್ತು.

"ಯಾರು ಗಾಜು ಒಡೆದದ್ದು?" ಎಂದು ಕೇಳಿ ವಾಪಸು ಕೊಟ್ಟರು.

"ಆರು ನಿಮಿಷ ತೆಗೆದ್ರೆ ಮೊಸರು, ಕಣ್ಣು ಮಿಟುಕಿಸೋದ್ರೊಳಗೆ ತೆಗೆದ್ರೆ ಗಾಜಿನ ಚೂರು," ಎಂದಳು ಹೆಂಡತಿ. "ನಡುವೆ ಏನೂ ಇಲ್ವೇನ್ರೀ?"

"ಬೇಕಾದಷ್ಟಿದೆ ಮಾರಾಯ್ತಿ. ಅದರಲ್ಲಿ ನಿಮ್ಮಮ್ಮನ ಹೊಳೆ ಯಾವುದು ಅಂತ ಗೊತ್ತಾಗಬೇಕಲ್ಲ."

ಭಾನುವಾರ ಮಧ್ಯಾಹ್ನ, ದಿಕ್ಕು ತೋಚದೆ, ಈ ಮನೆಯಲ್ಲಿ ಎಂದೂ ಮಾಡದ ಕೆಲಸ ಮಾಡಿದ. ಬರಿಗೈಯಲ್ಲಿ ಅತ್ತೆಯ ಪಕ್ಕ ನೆಲದ ಮೇಲೆ ಕೂತು ಹೊಳೆ ನೋಡಿದ. ಸ್ವಲ್ಪ ಹೊತ್ತಿಗೆ ಬೇಸರವಾಗಿ ಅತ್ತೆಯನ್ನೇ ನೋಡಿದ. ಅವರ ಬಲಗೈಯ ತೋರುಬೆರಳು ಕಿಟಕಿಯ ಅಂಚಿನ ಮೇಲೆ ತಟ್ಟುತ್ತಿತ್ತು. ಒಂದೇ ಸಮನಲ್ಲ. ಸುಮ್ಮನಿದ್ದು, ಒಮ್ಮೆ, ಮತ್ತೆ ಸುಮ್ಮನಿದ್ದು, ಬೆನ್ನುಬೆನ್ನಿಗೆ ಎರಡು ಸಲ. ಕಿಟಕಿಯಾಚೆ ನೋಡಿದ. ದೊಡ್ಡ ಬಂಡೆಯ ಹಿಂದೆ ನೀರು ತುಂಬಿ ತುಳುಕಿ ಹಾರಿದಾಗಲೆಲ್ಲ ಬೆರಳು ಏಳುತ್ತಿತ್ತು. ಅದು ಕೆಳಗೆ ಬಿದ್ದಾಗ ಬೆರಳೂ ಬೀಳುತ್ತಿತ್ತು. ಏಳುವುದಕ್ಕೂ ಬೀಳುವುದಕ್ಕೂ ನಡುವೆ ಎಷ್ಟು ಹೊತ್ತು? "ಒಂದು" ಎಂದು ಎಣಿಸಹೋದರೆ ಮಾತು ಅರ್ಧವಾಗುವಷ್ಟರಲ್ಲೇ ಬೆರಳು ಬಿದ್ದಿರುತ್ತಿತ್ತು. ಅರ್ಧ ಸೆಕೆಂಡು. ನಿಮಿಷಗಳಲ್ಲಿ ವ್ಯವಹರಿಸುವ ಮಹಾಕಲಾವಿದನಿಗೆ ಚಿಲ್ಲರೆ ಎನಿಸಬೇಕಾದದ್ದು.

ಸಂಜೆ ಬೆಳಕು ಮಂದವಾದಾಗ ಮುಕ್ಕಾಲಿಯನ್ನು ತನ್ನ ಮೆಚ್ಚಿನ ಜಾಗಕ್ಕೆ ಒಯ್ಯಲಿಲ್ಲ. ಅತ್ತೆಯ ಕಿಟಕಿಯ ಕೆಳಗೇ ನೆಟ್ಟ. ಕ್ಯಾಮೆರಾವನ್ನು ಅರ್ಧ ಸೆಕೆಂಡಿಗೆ ಹೊಂದಿಸಿದ, ಗಾಜು ಜೇಬಿನಲ್ಲೇ ಉಳಿಯಿತು. ಕ್ಯಾಮೆರಾದಿಂದ ಬಂದ ತಂತಿಯ ಗುಂಡಿಯನ್ನು ಹೆಬ್ಬೆರಳಲ್ಲಿ ಹಿಡಿದು, ಹೊಳೆಗೆ ಬೆನ್ನು ತಿರುಗಿಸಿ, ಕಿಟಕಿಯಲ್ಲಿ ಕಾಣುವ ಬೆರಳನ್ನೇ ನೋಡುತ್ತ ನಿಂತ. ಬೆರಳು ಎದ್ದರೆ ಒತ್ತಿದ. ಹನ್ನೊಂದು ಸಲ. ಅಷ್ಟರಲ್ಲಿ ಬೆಳಕು ಹೋಯಿತು.

ಸೋಮವಾರ ಗೇಟುಗಳು ಇಳಿದವು. ಅವನು ಬೆಸೆದ ಎರಡರಿಂದಲೂ ಒಂದು ಹನಿ ಸೋರಲಿಲ್ಲ. ಎಂಜಿನಿಯರು ಬೆನ್ನು ತಟ್ಟಿದರು. ಬೆನ್ನು ಆ ಶಹಬ್ಬಾಸನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಸಂಜೆಗೆ ಬಂಡೆಗಳ ನೆತ್ತಿ ಮಾತ್ರ ಕಾಣುತ್ತಿತ್ತು, ಮರುದಿನ ಅದೂ ಇಲ್ಲ. ಅತ್ತೆ ಕಿಟಕಿಯಲ್ಲೇ ಕೂತಿದ್ದರು, ಗುಂಡಿಯ ಡಬ್ಬಿ ತೆರೆದಿರಲಿಲ್ಲ.

ಮಂಗಳವಾರ ಪ್ರಿಂಟು ತಂದ. ಇದೂ ಕೆಟ್ಟಿದ್ದರೆ ಮತ್ತೆ ತೆಗೆಯಲು ಹೊಳೆಯೇ ಇರಲಿಲ್ಲ. ಪರೀಕ್ಷೆಯ ಉತ್ತರಪತ್ರಿಕೆ ಒಪ್ಪಿಸುವವನಂತೆ ಎರಡೂ ಕೈಯಲ್ಲಿ ಕೊಟ್ಟು ದೂರ ನಿಂತ. ಚಿತ್ರದಲ್ಲಿ ನೀರು ಎಳೆಎಳೆಯಾಗಿ ಬಂಡೆ ಹಾರುತ್ತಿತ್ತು, ಕೆಳಗೆ ಬಿದ್ದು ಚದುರುವ ಅಂಚು ಒಂಚೂರು ಕಲಸಿಹೋಗಿತ್ತು. ಅತ್ತೆ ನೋಡಿದರು. ನೋಡುತ್ತಲೇ ಇದ್ದರು.

"ಹೇಗಿದೆ ಅತ್ತೆ?"

ಪಕ್ಕದ ಮನೆಯವರು ಇಣುಕುವಷ್ಟು ಜೋರಾಗಿ ಮತ್ತೆ ಕೇಳಿದ.

ಅತ್ತೆ ಚಿತ್ರದಿಂದ ಕಣ್ಣು ಕೀಳದೆ ಕೈ ಎತ್ತಿ ತಡೆದರು. "ತಾಳಿ ಅಳಿಯಂದ್ರೇ. ಈ ಸದ್ದಿನಲ್ಲಿ ನಿಮ್ಮ ಮಾತು ಒಂದೂ ಕೇಳಿಸ್ತಿಲ್ಲ."